ಮಗು ಮೊದಲು ನೋಡಲಿ, ಹೆಸರು ಆಮೇಲೆ: ದಾವಣಗೆರೆ–ಚಿತ್ರದುರ್ಗದ ಪೋಷಕರಿಗೆ ಪ್ರಾಥಮಿಕ ವಿಜ್ಞಾನದ ಮಾರ್ಗದರ್ಶಿ

ಪೋಷಕರ ಸಭೆಗೆ ಬಂದವರು ಓದು, ಬರಹ, ಲೆಕ್ಕ, ಇಂಗ್ಲಿಷ್ ಬಗ್ಗೆ ತಪ್ಪದೆ ಕೇಳುತ್ತಾರೆ. ವಿಜ್ಞಾನದಲ್ಲಿ ಏನು ನಡೆಯುತ್ತಿದೆ ಅಂತ ಕೇಳುವವರು ಕಡಿಮೆ. ಅಂಕ ಕಡಿಮೆ ಬಂದಾಗ ಮಾತ್ರ ಅದರ ನೆನಪಾಗುತ್ತದೆ. ಅಷ್ಟು ಹೊತ್ತಿಗೆ ಮಗು ಪ್ರಶ್ನೋತ್ತರ ಬಾಯಿಪಾಠ ಮಾಡುವುದೇ ವಿಜ್ಞಾನ ಅಂದುಕೊಂಡಿರುತ್ತದೆ. 'ದ್ಯುತಿಸಂಶ್ಲೇಷಣೆ' ಅಂತ ತಪ್ಪಿಲ್ಲದೆ ಬರೆಯುತ್ತದೆ. ಹಿತ್ತಲಿನ ಗಿಡದ ಎಲೆಯನ್ನು ಮಾತ್ರ ಒಮ್ಮೆಯೂ ತಿರುಗಿಸಿ ನೋಡಿರುವುದಿಲ್ಲ.

ಒಂದರಿಂದ ಏಳನೇ ತರಗತಿವರೆಗಿನ ಮಕ್ಕಳಿರುವ ಮನೆಯವರು ಏನು ಮಾಡಬಹುದು ಅಂತ ಇಲ್ಲಿ ಬರೆದಿದ್ದೇನೆ. ದುಬಾರಿ ಕಿಟ್ ಬೇಡ. ಅಪ್ಪ ಅಮ್ಮ ವಿಜ್ಞಾನ ಓದಿರಬೇಕು ಅಂತಲೂ ಇಲ್ಲ. ನಾನು ನಂಬಿರುವ ನಿಯಮ ಒಂದೇ: ಮಗು ಮೊದಲು ಕಣ್ಣಿಂದ ನೋಡಲಿ, ಕೈಯಿಂದ ಮುಟ್ಟಲಿ. ಪುಸ್ತಕದ ಹೆಸರು ಆಮೇಲೆ ಬರಲಿ.

ಮೊದಲು ಪುಸ್ತಕ ತೆರೆಯಿರಿ

ವಿಜ್ಞಾನ ಆರನೇ ತರಗತಿಗೆ ಶುರುವಾಗುತ್ತದೆ ಅಂತ ತುಂಬಾ ಜನ ತಿಳಿದಿದ್ದಾರೆ. ಆ ಹೆಸರಿನ ಪುಸ್ತಕ ಬರುವುದು ಆಗ, ನಿಜ. ಕಲಿಕೆ ಶುರುವಾಗುವುದು ಒಂದನೇ ತರಗತಿಯಲ್ಲೇ. ರಾಜ್ಯ ಪಠ್ಯಕ್ರಮದಲ್ಲಿ ಐದನೇ ತರಗತಿವರೆಗೆ ಇದನ್ನು 'ಪರಿಸರ ಅಧ್ಯಯನ' ಅನ್ನುತ್ತಾರೆ. ಸಮಾಜ ವಿಜ್ಞಾನವೂ ಅದರಲ್ಲೇ ಬೆರೆತಿರುತ್ತದೆ.

ಚಿಕ್ಕ ತರಗತಿಗಳಲ್ಲಿ ಮಗು ತನ್ನ ದೇಹ, ಮನೆ, ಗಿಡ, ಪ್ರಾಣಿ, ನೀರು, ಊಟದ ಬಗ್ಗೆ ಕಲಿಯುತ್ತದೆ. ನಾಲ್ಕು, ಐದಕ್ಕೆ ಬಂದಾಗ ಗಾಳಿ, ಕೃಷಿ, ದ್ರವ್ಯ, ಆಕಾಶಕಾಯಗಳು ಸೇರುತ್ತವೆ. ಆರು, ಏಳರಲ್ಲಿ ಆಹಾರದ ಘಟಕಗಳು, ಪದಾರ್ಥಗಳನ್ನು ಬೇರ್ಪಡಿಸುವುದು, ಬೆಳಕು–ನೆರಳು, ವಿದ್ಯುತ್ ಮಂಡಲ, ಕಾಂತ, ಆಮ್ಲ–ಪ್ರತ್ಯಾಮ್ಲ ಬರುತ್ತವೆ. ಪುಸ್ತಕ ಹರಿದಿದ್ದರೆ, ಕಳೆದಿದ್ದರೆ ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಪಿಡಿಎಫ್ ಸಿಗುತ್ತದೆ. ಪುಸ್ತಕದಲ್ಲಿರುವ ಕ್ಯೂಆರ್ ಕೋಡನ್ನು ದೀಕ್ಷಾ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿದರೆ ವಿಡಿಯೋ ಬರುತ್ತದೆ. ವಿಡಿಯೋ ಕೊನೆಗಿರಲಿ. ಮೊದಲೇ ತೋರಿಸಿದರೆ ಮುಂದೇನಾಗುತ್ತದೆ ಅನ್ನುವ ಕುತೂಹಲ ಅಲ್ಲಿಗೇ ಮುಗಿಯುತ್ತದೆ.

ಪಾಠಗಳ ಪಟ್ಟಿ ಓದಿ. ಯಾವ ಪಾಠದ ವಸ್ತು ನಿಮ್ಮ ಮನೆಯಲ್ಲಿ, ಹೊಲದಲ್ಲಿ, ಬೀದಿಯಲ್ಲಿ ಇದೆಯೋ ಅದಕ್ಕೆ ಪೆನ್ಸಿಲ್‌ನಲ್ಲಿ ಗುರುತು ಹಾಕಿ. ನಮ್ಮ ಎರಡು ಜಿಲ್ಲೆಗಳಲ್ಲಿ ಮುಕ್ಕಾಲು ಪಾಠಕ್ಕೆ ಗುರುತು ಬೀಳುತ್ತದೆ.

ಒಂದು ನೋಟ್‌ಬುಕ್, ಮೂರು ಸಾಲು

ನೂರು ಪುಟದ ಒಂದು ನೋಟ್‌ಬುಕ್ ಇದಕ್ಕೇ ಇಡಿ. ಪ್ರತಿ ಪ್ರಯೋಗಕ್ಕೂ ಮಗು ಮೂರು ವಿಷಯ ಬರೆಯಬೇಕು. ಏನಾಗಬಹುದು? ಏನಾಯಿತು? ಯಾಕಿರಬಹುದು? ಬರೆಯಲು ಬಾರದ ಮಗುವಾದರೆ ಚಿತ್ರ ಬಿಡಿಸಲಿ.

ಮೊದಲ ಸಾಲನ್ನು ಪ್ರಯೋಗಕ್ಕೆ ಮುಂಚೆಯೇ ಬರೆಸಿ. ಇದು ತುಂಬಾ ಮುಖ್ಯ. ಮಗುವಿನ ಊಹೆ ಸುಳ್ಳಾದರೆ ಅದನ್ನು ಅಳಿಸಲು ಬಿಡಬೇಡಿ. 'ತಪ್ಪು' ಅಂತ ಕೆಂಪು ಗೆರೆಯನ್ನೂ ಎಳೆಯಬೇಡಿ. ಊಹೆಗೂ ಕಂಡದ್ದಕ್ಕೂ ಇರುವ ಅಂತರದಲ್ಲೇ ಮಗು ಕಲಿಯುವುದು. ಅಕ್ಷರ ದುಂಡಾಗಿಲ್ಲ ಅಂತ ಬೈಯಲೂ ಬೇಡಿ. ಅದು ಕಾಪಿ ಪುಸ್ತಕದ ಕೆಲಸ.

ಮೆಕ್ಕೆಜೋಳ ಮತ್ತು ಶೇಂಗಾ: ಇಲ್ಲಿಂದ ಶುರು ಮಾಡಿ

ದಾವಣಗೆರೆ ಸೀಮೆ ಅಂದರೆ ಮೆಕ್ಕೆಜೋಳ. ಚಳ್ಳಕೆರೆ ಅಂದರೆ ಶೇಂಗಾ. ಪುಸ್ತಕದ ಏಕದಳ, ದ್ವಿದಳ ಸಸ್ಯದ ಪಾಠಕ್ಕೆ ಇವೆರಡಕ್ಕಿಂತ ಒಳ್ಳೆಯ ಜೋಡಿ ಸಿಗುವುದಿಲ್ಲ.

ದಿನಸಿ ಅಂಗಡಿಯಿಂದ ಹಸಿ ಶೇಂಗಾ ತನ್ನಿ. ಹುರಿದದ್ದು ಮೊಳೆಯುವುದಿಲ್ಲ. ಸಿಪ್ಪೆಯ ಜೊತೆ ಇರುವ ಇಡೀ ಕಾಳು ಬೇಕು. ಮೆಕ್ಕೆಜೋಳವನ್ನು ಮನೆಗೆ ಬಂದ ಕಾಳಿನಿಂದಲೇ ತೆಗೆದುಕೊಳ್ಳಿ. ಬಿತ್ತನೆ ಬೀಜದ ಪ್ಯಾಕೆಟ್‌ನಿಂದ ಮಾತ್ರ ಬೇಡ. ಅದಕ್ಕೆ ಬಣ್ಣದ ಔಷಧಿ ಲೇಪಿಸಿರುತ್ತಾರೆ. ಅದು ವಿಷ, ಮಕ್ಕಳ ಕೈಗೆ ಕೊಡುವ ವಸ್ತುವಲ್ಲ.

ಕಾಳುಗಳನ್ನು ರಾತ್ರಿಯಿಡೀ ನೆನೆಸಿ. ಬೆಳಗ್ಗೆ ಒಂದೊಂದನ್ನು ಬಿಡಿಸಿ ನೋಡಲು ಹೇಳಿ. ಶೇಂಗಾ ಸಲೀಸಾಗಿ ಎರಡು ಹೋಳಾಗುತ್ತದೆ. ಒಂದು ತುದಿಯಲ್ಲಿ ಪುಟ್ಟ ಮೊಳಕೆ ಮಲಗಿರುವುದು ಕಾಣುತ್ತದೆ. ಮೆಕ್ಕೆಜೋಳ ಹಾಗೆ ಹೋಳಾಗುವುದಿಲ್ಲ. ಎಷ್ಟು ಒದ್ದಾಡಿದರೂ ಆಗುವುದಿಲ್ಲ ಅಂತ ಮಗುವೇ ಹೇಳಲಿ. ಆಮೇಲೆ ಏಕದಳ, ದ್ವಿದಳ ಅನ್ನುವ ಪದ ಹೇಳಿಕೊಡಿ. ಆ ಪದ ಮತ್ತೆ ಮರೆಯುವುದಿಲ್ಲ.

ಈಗ ನಾಲ್ಕು ಲೋಟ, ಹತ್ತಿ ತೆಗೆದುಕೊಳ್ಳಿ. ಇದಕ್ಕೆ ನೆನೆಸದ ಕಾಳು ಬೇಕು. ಪ್ರತಿ ಲೋಟಕ್ಕೂ ಒಂದೇ ಲೆಕ್ಕದ ಕಾಳು ಹಾಕಿ. ಮೊದಲನೆಯದರಲ್ಲಿ ಒಣ ಹತ್ತಿ. ಎರಡನೆಯದರಲ್ಲಿ ಒದ್ದೆ ಹತ್ತಿ, ಬೆಳಕಿರುವ ಜಾಗ. ಮೂರನೆಯದರಲ್ಲೂ ಒದ್ದೆ ಹತ್ತಿಯೇ, ಆದರೆ ಅದನ್ನು ಬೀರುವಿನ ಕತ್ತಲೆಯಲ್ಲಿ ಇಡಿ. ನಾಲ್ಕನೆಯದರಲ್ಲಿ ಕಾಳು ಪೂರ್ತಿ ಮುಳುಗುವಷ್ಟು ನೀರು ತುಂಬಿ. ಯಾವುದರಲ್ಲಿ ಮೊಳಕೆ ಬರುತ್ತದೆ ಅಂತ ನೋಟ್‌ಬುಕ್‌ನಲ್ಲಿ ಬರೆಸಿ. ಹತ್ತಿ ಒಣಗದಂತೆ ದಿನಾ ನೋಡಿಕೊಳ್ಳುವ ಜವಾಬ್ದಾರಿ ಮಗುವಿನದೇ ಇರಲಿ.

ಮೂರು ದಿನದಿಂದ ಒಂದು ವಾರದೊಳಗೆ ಉತ್ತರ ಸಿಗುತ್ತದೆ. ಕತ್ತಲೆಯಲ್ಲಿ ಇಟ್ಟದ್ದು ಮೊಳೆಯುವುದಿಲ್ಲ ಅಂತ ಹೆಚ್ಚಿನ ಮಕ್ಕಳು ಬರೆದಿರುತ್ತಾರೆ. ಅದು ಮೊಳೆತಿರುತ್ತದೆ! ಮೊಳಕೆಯೊಡೆಯಲು ಬೇಕಾದದ್ದು ನೀರು, ಗಾಳಿ, ಸರಿಯಾದ ಬಿಸಿ. ಬೆಳಕು ಬೇಕಾಗುವುದು ಎಲೆ ಬಂದ ಮೇಲೆ, ಊಟ ತಯಾರಿಸಲು. ಅಲ್ಲಿಯವರೆಗೆ ಕಾಳಿನಲ್ಲಿರುವ ಬುತ್ತಿಯೇ ಸಾಕು. ಇನ್ನೂ ಕೆಲವು ದಿನ ಬಿಟ್ಟರೆ ಕತ್ತಲೆಯ ಸಸಿ ಹಳದಿಯಾಗಿ, ಸೊರಗಿ, ಉದ್ದಕ್ಕೆ ಬೆಳೆಯುತ್ತದೆ. ನೀರಲ್ಲಿ ಮುಳುಗಿದ್ದು ಹೆಚ್ಚಾಗಿ ಕೊಳೆತು ನಾರುತ್ತದೆ, ಅದಕ್ಕೆ ಗಾಳಿ ಸಾಲಲಿಲ್ಲ. ಕೆರೆ ಕೋಡಿ ಬಿದ್ದು ಹೊಲದಲ್ಲಿ ನೀರು ನಿಂತರೆ ಬೆಳೆ ಯಾಕೆ ಹಾಳಾಗುತ್ತದೆ ಅಂತ ಅಜ್ಜನ ಹತ್ತಿರ ಕೇಳಿಸಿ. ಲೋಟದಲ್ಲಿ ಕಂಡದ್ದೇ ಹೊಲದಲ್ಲೂ ಆಗಿರುತ್ತದೆ.

ಇಲ್ಲಿ ಇನ್ನೊಂದು ದೊಡ್ಡ ಪಾಠವಿದೆ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಎರಡನೇ ಮತ್ತು ಮೂರನೇ ಲೋಟಕ್ಕೆ ಇರುವ ವ್ಯತ್ಯಾಸ ಬೆಳಕು ಒಂದೇ. ಹಾಗಾಗಿಯೇ ಬೆಳಕಿನ ಬಗ್ಗೆ ಧೈರ್ಯವಾಗಿ ಹೇಳಬಹುದು. ಇದನ್ನು ಐದನೇ ತರಗತಿಯ ಮಗು ಅರ್ಥ ಮಾಡಿಕೊಂಡರೆ ಹೈಸ್ಕೂಲಿನ ಅರ್ಧ ವಿಜ್ಞಾನ ಸುಲಭವಾಗುತ್ತದೆ.

ಸಸಿ ದೊಡ್ಡದಾದ ಮೇಲೆ ಬೇರು ನೋಡಿ. ಶೇಂಗಾಕ್ಕೆ ತಾಯಿಬೇರು, ಮೆಕ್ಕೆಜೋಳಕ್ಕೆ ಗೊಂಚಲು ಬೇರು. ಎಲೆಯ ನರ ನೋಡಿ. ಒಂದರದ್ದು ಬಲೆ, ಇನ್ನೊಂದರದ್ದು ನೇರ ಗೆರೆ. ಹೊಲ ಇದ್ದವರು ಇನ್ನೂ ಒಂದು ಹೆಜ್ಜೆ ಹೋಗಿ. "ಶೇಂಗಾ ಬೇರಿಗೆ ಬಿಡುತ್ತೆ ಅಲ್ವಾ?" ಅಂತ ಮಗು ಕೇಳಿಯೇ ಕೇಳುತ್ತದೆ. ಉತ್ತರ ಹೇಳಬೇಡಿ. ಹೂ ಬಿಟ್ಟ ಗಿಡದ ಬುಡದಲ್ಲಿ ಕೂರಿಸಿ. ಹೂ ಬಿಡುವುದು ಮಣ್ಣಿನ ಮೇಲೆ. ಪರಾಗಸ್ಪರ್ಶ ಆದ ಮೇಲೆ ಅಲ್ಲಿಂದ ಸೂಜಿಯಂಥ ತೊಟ್ಟು ಕೆಳಗಿಳಿದು ಮಣ್ಣು ಹೊಗುತ್ತದೆ. ಅದರ ತುದಿಯಲ್ಲಿ ಕಾಯಿ ಕಟ್ಟುತ್ತದೆ. ರೈತರು ಊಡು ಇಳಿಯುವುದು ಅನ್ನುವುದು ಇದಕ್ಕೇ. ಬೇರಿನ ಮೇಲಿರುವ ಸಣ್ಣ ಗಂಟುಗಳು ಬೇರೆ. ಅವುಗಳಲ್ಲಿ ಇರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತವೆ. ಊಡಿನ ಕಾಯಿ, ಬೇರಿನ ಗಂಟು ಎರಡನ್ನೂ ಒಂದೇ ಗಿಡದಲ್ಲಿ ಕಂಡ ಮಗುವಿಗೆ ಪರೀಕ್ಷೆಯಲ್ಲಿ ಗೊಂದಲ ಆಗುವುದಿಲ್ಲ.

ನೀರಿನ ಪಾಠ ನಮಗೆ ಬರೀ ಪಾಠ ಅಲ್ಲ

ಒಂದು ಲೋಟ ಕುಡಿಯುವ ನೀರಿಗೆ ಒಂದು ಚಮಚ ಉಪ್ಪು, ಒಂದು ಚಿಟಿಕೆ ತೊಳೆದ ಮರಳು ಹಾಕಿ ಕಲಕಿ. ಬಿಳಿ ಪಂಚೆಯ ತುಂಡನ್ನು ನಾಲ್ಕು ಮಡಿಕೆ ಮಾಡಿ ಸೋಸಿ. ಮರಳು ಬಟ್ಟೆಯಲ್ಲಿ ಉಳಿಯಿತು. ಉಪ್ಪು? ಒಂದು ಹನಿ ನಾಲಿಗೆಗೆ ಹಚ್ಚಲು ಹೇಳಿ. ನೀರು ತಿಳಿಯಾಗಿದೆ, ಆದರೂ ಉಪ್ಪಾಗಿದೆ. ಕರಗಿದ್ದು ಬಟ್ಟೆಗೆ ಸಿಕ್ಕುವುದಿಲ್ಲ.

ಆ ನೀರನ್ನು ಅಗಲವಾದ ಸ್ಟೀಲ್ ತಟ್ಟೆಗೆ ತೆಳ್ಳಗೆ ಸುರಿದು ತಾರಸಿಯ ಬಿಸಿಲಲ್ಲಿ ಇಡಿ. ನಮ್ಮ ಮಾರ್ಚ್ ಬಿಸಿಲಿಗೆ ಹೆಚ್ಚು ಹೊತ್ತು ಬೇಕಿಲ್ಲ. ನೀರು ಹೋಗುತ್ತದೆ, ಉಪ್ಪು ತಟ್ಟೆಯಲ್ಲಿ ಕೂರುತ್ತದೆ. ಇದೇ ಆವಿಯಾಗುವಿಕೆ. ನೀರು ಕಾಯಿಸುವ ಹಂಡೆಯ ತಳದಲ್ಲಿ ಬಿಳಿ ಪದರ ಕಟ್ಟಿರುತ್ತದಲ್ಲ, ಅದನ್ನೂ ತೋರಿಸಿ. ಬೋರ್‌ವೆಲ್ ನೀರಲ್ಲಿ ಕಣ್ಣಿಗೆ ಕಾಣದೆ ಕರಗಿದ್ದ ಲವಣಗಳು ಅವು.

ಈಗ ಮುಖ್ಯ ಮಾತಿಗೆ ಬನ್ನಿ. ಜಗಳೂರು ಸೇರಿದಂತೆ ನಮ್ಮ ಎರಡೂ ಜಿಲ್ಲೆಗಳ ಅನೇಕ ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಆಳದ ಕಲ್ಲಿನಿಂದ ಅದು ನೀರಿಗೆ ಕರಗಿ ಬರುತ್ತದೆ. ಲೀಟರ್‌ಗೆ 1.5 ಮಿಲಿಗ್ರಾಂ ದಾಟಿದ ನೀರು ಕುಡಿಯಲು ಯೋಗ್ಯವಲ್ಲ. ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ ಅಂಥ ನೀರು ಕುಡಿದರೆ ಹಲ್ಲಿನ ಮೇಲೆ ಹಳದಿ, ಕಂದು ಗೆರೆ ಬೀಳುತ್ತವೆ. ವರ್ಷಾನುಗಟ್ಟಲೆ ಕುಡಿದರೆ ಮೂಳೆಗೂ ತೊಂದರೆ. ಸೋಸಿದರೆ ಫ್ಲೋರೈಡ್ ಹೋಗುವುದಿಲ್ಲ. ಕುದಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಹಾಗೇ ಇರುತ್ತದೆ. ನೀರು ಇಂಗಿದಷ್ಟೂ ಅದರ ಪ್ರಮಾಣ ಇನ್ನೂ ಗಟ್ಟಿಯಾಗುತ್ತದೆ. ಯಾಕೆ ಅಂತ ಉಪ್ಪಿನ ಪ್ರಯೋಗ ಮಾಡಿದ ಮಗುವೇ ನಿಮಗೆ ವಿವರಿಸಬಲ್ಲದು. ಶುದ್ಧ ನೀರಿನ ಘಟಕದಿಂದ ಕ್ಯಾನ್ ತರುವ ಮನೆಗಳಲ್ಲಿ ಅಡುಗೆಗೆ ಯಾವ ನೀರು ಬಳಸುತ್ತಿದ್ದೀರಿ ಅಂತಲೂ ನೋಡಿಕೊಳ್ಳಿ. ಅನ್ನ, ಸಾರಿನ ಮೂಲಕವೂ ಅದೇ ಫ್ಲೋರೈಡ್ ಹೊಟ್ಟೆಗೆ ಹೋಗುತ್ತದೆ.

ಹಲ್ಲಿನ ಮೇಲೆ ಗೆರೆ ಇರುವ ಮಕ್ಕಳನ್ನು 'ಹಲ್ಲುಜ್ಜಲ್ವಾ?' ಅಂತ ಕೇಳುವವರು ಇದ್ದಾರೆ. ದಯವಿಟ್ಟು ಕೇಳಬೇಡಿ. ಅದು ಮಗುವಿನ ತಪ್ಪಲ್ಲ. ನಗುವಾಗ ಬಾಯಿ ಮುಚ್ಚಿಕೊಳ್ಳುವ ಮಗುವಿಗೆ ಈ ಪಾಠ ಎಲ್ಲರಿಗಿಂತ ಜಾಸ್ತಿ ಬೇಕು.

ಮಳೆಗಾಲದಲ್ಲಿ ಮಳೆ ಅಳೆಯಿರಿ. ತಳ ಸಮತಟ್ಟಾಗಿರುವ, ಬುಡದಿಂದ ಬಾಯಿವರೆಗೆ ಒಂದೇ ಅಗಲ ಇರುವ ಡಬ್ಬಿಯನ್ನು ತಾರಸಿಯ ತೆರೆದ ಜಾಗದಲ್ಲಿ ಇಡಿ. ಬೆಳಗ್ಗೆ ಸ್ಕೇಲಿನಿಂದ ನೀರಿನ ಎತ್ತರ ಅಳೆದರೆ ಅದೇ ಮಿಲಿಮೀಟರ್ ಲೆಕ್ಕದ ಮಳೆ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಬಿದ್ದರೆ ಒಂದು ಲೀಟರ್. 30×40 ಅಡಿ ಸೈಟಿನಷ್ಟು ಅಗಲದ ತಾರಸಿಯ ಮೇಲೆ 10 ಮಿಲಿಮೀಟರ್ ಸುರಿದರೆ ಸುಮಾರು 1,100 ಲೀಟರ್. ಈ ಲೆಕ್ಕ ಮಗುವಿನಿಂದಲೇ ಮಾಡಿಸಿ. ಚಳ್ಳಕೆರೆ, ಹಿರಿಯೂರು ರಾಜ್ಯದಲ್ಲೇ ಕಡಿಮೆ ಮಳೆ ಬೀಳುವ ತಾಲ್ಲೂಕುಗಳ ಸಾಲಿನಲ್ಲಿವೆ. 1907ರಲ್ಲಿ ಕಟ್ಟಿ ಮುಗಿದ ವಾಣಿ ವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ತಾರಸಿಯ ಮೇಲಿನ ಸಾವಿರ ಲೀಟರ್ ಎಷ್ಟು ಬೆಲೆಯದ್ದು ಅಂತ ಹಿರಿಯೂರಿನ ಮಗುವಿಗೆ ಬೇರೆ ಹೇಳಬೇಕಿಲ್ಲ.

ನೆರಳು ಅಳೆಯುವುದು

ಎರಡಡಿ ಎತ್ತರದ ನೇರ ಕೋಲನ್ನು ಅಂಗಳದಲ್ಲಿ ನೆಟ್ಟಗೆ ನಿಲ್ಲಿಸಿ. ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟರೆ ಕೋಲು ನೆಟ್ಟಗಿದೆಯಾ ಅಂತ ಗೊತ್ತಾಗುತ್ತದೆ. ಬೆಳಗ್ಗೆ 9ರಿಂದ ಮಧ್ಯಾಹ್ನ 3ರವರೆಗೆ ಗಂಟೆಗೊಮ್ಮೆ ನೆರಳಿನ ತುದಿಗೆ ಸೀಮೆಸುಣ್ಣದ ಗುರುತು ಹಾಕಲಿ. 12ರಿಂದ 1ರವರೆಗೆ ಐದು ನಿಮಿಷಕ್ಕೊಮ್ಮೆ ಹಾಕಿದರೆ ಒಳ್ಳೆಯದು. ಸೂರ್ಯನನ್ನು ನೇರವಾಗಿ ನೋಡಬಾರದು. ಇದನ್ನು ಎಷ್ಟು ಸಲ ಹೇಳಿದರೂ ಹೆಚ್ಚಾಗುವುದಿಲ್ಲ.

ನೆರಳು ಎಲ್ಲಕ್ಕಿಂತ ಗಿಡ್ಡ ಆಗುವುದು ಸರಿಯಾಗಿ 12ಕ್ಕೆ ಅಲ್ಲ. ನಮ್ಮಲ್ಲಿ ಅದು ತಿಂಗಳಿಗೆ ತಕ್ಕಂತೆ ಸುಮಾರು 12.10ರಿಂದ 12.40ರ ನಡುವೆ ಆಗುತ್ತದೆ. ದೇಶದ ಗಡಿಯಾರ 82.5 ಡಿಗ್ರಿ ಪೂರ್ವ ರೇಖಾಂಶಕ್ಕೆ ಹೊಂದಿಸಿದ್ದು. ನಾವು ಇರುವುದು 76 ಡಿಗ್ರಿಯ ಹತ್ತಿರ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ಸೂರ್ಯ ನಮ್ಮ ನೆತ್ತಿಗೆ ಬರುವುದು ತಡ. ಅತಿ ಗಿಡ್ಡ ನೆರಳು ಉತ್ತರ–ದಕ್ಷಿಣವಾಗಿ ಬೀಳುತ್ತದೆ. ದಿಕ್ಸೂಚಿ ಇಲ್ಲದೆ ದಿಕ್ಕು ಸಿಕ್ಕಿತು.

ಏಪ್ರಿಲ್ 28 ಮತ್ತು ಆಗಸ್ಟ್ 14ರ ಆಸುಪಾಸಿನಲ್ಲಿ ಒಂದೆರಡು ದಿನ ಮಧ್ಯಾಹ್ನ ಕೋಲಿಗೆ ನೆರಳೇ ಇರುವುದಿಲ್ಲ. ಸೂರ್ಯ ಸರಿಯಾಗಿ ನೆತ್ತಿಯ ಮೇಲೆ. ಏಪ್ರಿಲ್‌ನಲ್ಲಿ ರಜೆ ಇರುತ್ತದೆ, ಆಕಾಶವೂ ತಿಳಿಯಾಗಿರುತ್ತದೆ. ಆಗಸ್ಟ್‌ನಲ್ಲಿ ಶಾಲೆ ಇರುತ್ತದೆ, ಮೋಡ ಅಡ್ಡ ಬರಬಹುದು. ಈ ಎರಡು ದಿನಗಳ ನಡುವಿನ ತಿಂಗಳುಗಳಲ್ಲಿ ಮಧ್ಯಾಹ್ನದ ನೆರಳು ದಕ್ಷಿಣಕ್ಕೆ ಬೀಳುತ್ತದೆ, ಉಳಿದಾಗ ಉತ್ತರಕ್ಕೆ. ದೊಡ್ಡವರಲ್ಲೂ ಇದನ್ನು ಗಮನಿಸಿದವರು ಕಡಿಮೆ. ಮಗುವಿನ ಜೊತೆ ನೀವೂ ನೋಡಿ.

ಮೊರ, ಜರಡಿ, ಮಂಡಕ್ಕಿ

ಆರನೇ ತರಗತಿಯ 'ಬೇರ್ಪಡಿಸುವಿಕೆ' ಪಾಠವನ್ನು ಅಡುಗೆಮನೆಯಲ್ಲೇ ಮುಗಿಸಬಹುದು. ಅಜ್ಜಿ ಮೊರದಲ್ಲಿ ಕೇರುವಾಗ ಪಕ್ಕ ಕೂರಿಸಿ. ಹೊಟ್ಟು ಮುಂದೆ ಹಾರುತ್ತದೆ, ಕಾಳು ಉಳಿಯುತ್ತದೆ. ಸುಗ್ಗಿಯಲ್ಲಿ ಒಕ್ಕಣೆ, ತೂರುವುದು. ಅಕ್ಕಿ ತೊಳೆದು ಬಸಿಯುವುದು, ಚಹಾ ಸೋಸುವುದು, ಮೊಸರು ಕಡೆದು ಬೆಣ್ಣೆ ತೆಗೆಯುವುದು. ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ ಕೇಳಿ: "ಯಾವ ಗುಣದ ವ್ಯತ್ಯಾಸದಿಂದ ಇವು ಬೇರೆಯಾದವು?" ತೂಕವೋ, ಗಾತ್ರವೋ, ಕರಗುವುದೋ?

ದಾವಣಗೆರೆಯವರಿಗೆ ಮಂಡಕ್ಕಿ ಇದೆ. ಅಕ್ಕಿಯನ್ನು ಕಾದ ಮರಳಿನಲ್ಲಿ ಹುರಿದಾಗ ಕಾಳಿನೊಳಗಿನ ತೇವ ಆವಿಯಾಗಿ ಹಿಗ್ಗಿ ಅಕ್ಕಿ ಉಬ್ಬುತ್ತದೆ. ದ್ರವ ಅನಿಲವಾದರೆ ಎಷ್ಟು ಜಾಗ ಬೇಕು ಅಂತ ಇದಕ್ಕಿಂತ ಚೆನ್ನಾಗಿ ತೋರಿಸಲು ಆಗುವುದಿಲ್ಲ. ಆಮೇಲೆ ಮರಳನ್ನು ಜರಡಿ ಹಿಡಿದು ತೆಗೆಯುತ್ತಾರೆ. ಒಂದು ಹಿಡಿ ಅಕ್ಕಿ, ಅಷ್ಟೇ ತೂಕದ ಮಂಡಕ್ಕಿ ಪಕ್ಕಪಕ್ಕ ಇಟ್ಟು ಗಾತ್ರ ಹೋಲಿಸಿ. ಮಂಡಕ್ಕಿ ಭಟ್ಟಿಗೆ ಕರೆದುಕೊಂಡು ಹೋದರೆ ಬೆಂಕಿಯಿಂದ ದೂರ ನಿಲ್ಲಿಸಿ.

ಉಳಿದವು ಚುಟುಕಾಗಿ

ಆಮ್ಲ–ಪ್ರತ್ಯಾಮ್ಲದ ಪಾಠಕ್ಕೆ ಅರಿಶಿನವನ್ನು ನೀರಲ್ಲಿ ಕಲಸಿ ಬಿಳಿ ಕಾಗದಕ್ಕೆ ಬಳಿದು ಒಣಗಿಸಿ. ಸೋಪಿನ ನೀರಲ್ಲಿ ಬೆರಳದ್ದಿ ಚಿತ್ರ ಬರೆದರೆ ಕೆಂಪಾಗುತ್ತದೆ. ಅದರ ಮೇಲೆ ನಿಂಬೆರಸ ಹಚ್ಚಿದರೆ ಮತ್ತೆ ಹಳದಿ. ಆರತಿಗೆ ಅರಿಶಿನ, ಸುಣ್ಣ ಸೇರಿಸಿದ ನೀರು ಕೆಂಪಾಗುವುದೂ ಇದರಿಂದಲೇ. ಸುಣ್ಣ ಕಣ್ಣಿಗೆ ಬಿದ್ದರೆ ಅಪಾಯ, ಅದನ್ನು ದೊಡ್ಡವರೇ ಮುಟ್ಟಿ.

ಗುಜರಿ ಅಂಗಡಿಯಲ್ಲಿ ಹಳೇ ಸ್ಪೀಕರಿನ ಮ್ಯಾಗ್ನೆಟ್ ಸಿಗುತ್ತದೆ. ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಮರಳಲ್ಲಿ ಎಳೆದಾಡಿಸಿ. ಕಪ್ಪು ಕಣಗಳು ಅಂಟುತ್ತವೆ. ಕವರ್ ಇಲ್ಲದಿದ್ದರೆ ಅವನ್ನು ಬಿಡಿಸುವುದೇ ಕಷ್ಟ.

ಬೇಯಿಸಿದ ಅನ್ನ, ಆಲೂಗಡ್ಡೆಯ ಮೇಲೆ ಒಂದು ಹನಿ ಅಯೋಡಿನ್ ಬಿಡಿ. ಪಿಷ್ಟ ಇದ್ದರೆ ಕಡುನೀಲಿ. ಆ ತುಂಡನ್ನು ಎಸೆಯಿರಿ, ತಿನ್ನಬಾರದು.

ವಿದ್ಯುತ್ ಪಾಠಕ್ಕೆ 1.5 ವೋಲ್ಟಿನ ಎರಡು ಸೆಲ್, ಒಂದು ಟಾರ್ಚ್ ಬಲ್ಬು, ವೈರ್ ಸಾಕು. ಚಮಚ, ಕೀಲಿ, ರಬ್ಬರ್ ಒಂದೊಂದಾಗಿ ಮಧ್ಯೆ ಸೇರಿಸಿ ಬಲ್ಬು ಹತ್ತುತ್ತದಾ ನೋಡಲಿ. ಗೋಡೆಯ ಪ್ಲಗ್‌ನಲ್ಲಿ ಇರುವುದು 230 ವೋಲ್ಟ್. ಅದರ ಹತ್ತಿರ ಯಾವ ಪ್ರಯೋಗವೂ ಬೇಡ.

ಹೊರಗೆ ಕರೆದುಕೊಂಡು ಹೋಗುವಾಗ

ಚಿತ್ರದುರ್ಗದ ಕೋಟೆಗೆ ಹೋದರೆ ಒನಕೆ ಓಬವ್ವನ ಕಿಂಡಿ ನೋಡಿ ವಾಪಸ್ ಬರಬೇಡಿ. ಮಳೆ ನೀರು ಬಂಡೆಯ ಮೇಲಿಂದ ಗೋಪಾಲಸ್ವಾಮಿ ಹೊಂಡ, ಅಕ್ಕ–ತಂಗಿ ಹೊಂಡ, ಕೆಳಗೆ ಊರಿನ ಸಂತೆ ಹೊಂಡ ಅಂತ ಇಳಿಯುವ ದಾರಿಯನ್ನು ಮಗುವಿನಿಂದ ಚಿತ್ರ ಬರೆಸಿ. ಹೊಂಡದ ಅಂಚಿಗೆ ಮಾತ್ರ ಬಿಡಬೇಡಿ. ಅಲ್ಲಿಂದ ಗುಡ್ಡಗಳ ಮೇಲಿನ ಗಾಳಿಯಂತ್ರಗಳು ಕಾಣುತ್ತವೆ. ಎಷ್ಟು ರೆಕ್ಕೆ, ಯಾವ ಕಡೆ ಮುಖ ಮಾಡಿವೆ ಅಂತ ಎಣಿಸಿ, ಬರೆದುಕೊಳ್ಳಲಿ.

ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯಲ್ಲಿ ದಿಂಬಿನ ಆಕಾರದ ಲಾವಾ ಕಲ್ಲುಗಳಿವೆ. ಸುಮಾರು 250 ಕೋಟಿ ವರ್ಷದ ಹಿಂದೆ ನೀರಿನಡಿ ಉಕ್ಕಿದ ಲಾವಾ ಬೇಗ ತಣ್ಣಗಾಗಿ ಹೀಗೆ ಗಟ್ಟಿಯಾಯಿತು. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಕಲ್ಲು ಒಡೆದು ತರಬೇಡಿ, ಫೋಟೋ ಸಾಕು.

ಚಳ್ಳಕೆರೆಯ ವೈಮಾನಿಕ ಪರೀಕ್ಷಾ ವಲಯದ ಒಳಗೆ ನಮ್ಮನ್ನು ಬಿಡುವುದಿಲ್ಲ. ಆದರೆ 2023ರ ಏಪ್ರಿಲ್ 2ರಂದು ಹೆಲಿಕಾಪ್ಟರ್ ಸುಮಾರು 4.5 ಕಿಲೋಮೀಟರ್ ಎತ್ತರದಿಂದ ಬಿಟ್ಟ ಇಸ್ರೋದ ರೆಕ್ಕೆಯ ವಾಹನ ತಾನಾಗಿಯೇ ರನ್‌ವೇ ಹುಡುಕಿ ಇಳಿದದ್ದು ಅಲ್ಲೇ. 2024ರಲ್ಲಿ 'ಪುಷ್ಪಕ್' ಅನ್ನುವ ಹೆಸರಿನಲ್ಲಿ ಅದೇ ವಾಹನ ಮತ್ತೆ ಎರಡು ಸಲ ಇಳಿಯಿತು. ಕಾಗದದ ವಿಮಾನ ಮಾಡಿ, ಮೂಗಿಗೆ ಒಂದು ಕ್ಲಿಪ್ ಸಿಕ್ಕಿಸಿ ಹಾರಿಸಿ, ಕ್ಲಿಪ್ ತೆಗೆದು ಹಾರಿಸಿ. ಯಾವುದು ನೇರ ಹೋಯಿತು ಅಂತ ನೋಟ್‌ಬುಕ್‌ಗೆ ಸೇರಲಿ.

ಶಾಲೆಯವರ ಜೊತೆ ಮಾತಾಡಿ

ಪ್ರಾಜೆಕ್ಟ್ ಅಂದ ತಕ್ಷಣ ಸ್ಟೇಷನರಿ ಅಂಗಡಿಗೆ ಓಡಿ ಥರ್ಮಾಕೋಲ್ ಮಾದರಿ ಕೊಳ್ಳಬೇಡಿ. ಮಗುವಿನ ಲೋಟದ ಮೊಳಕೆ, ಮಳೆಯ ಲೆಕ್ಕ, ನೆರಳಿನ ಗುರುತುಗಳ ಹಾಳೆ ಕಳಿಸಿ. ಚೆಂದ ಕಾಣದಿದ್ದರೂ ಅದು ಮಗುವಿನದೇ ಕೆಲಸ. ಟೀಚರಿಗೆ ಒಂದು ಮಾತು ಮೊದಲೇ ಹೇಳಿಡಿ: "ಮನೆಯಲ್ಲಿ ಹೀಗೊಂದು ನೋಟ್‌ಬುಕ್ ಇಟ್ಟಿದ್ದೇವೆ, ಬಿಡುವಾದಾಗ ನೋಡ್ತೀರಾ ಮೇಡಂ?" ಅಂತ. ಒಂದು ತರಗತಿಯಲ್ಲಿ ಹಲವು ಮಕ್ಕಳನ್ನು ಒಬ್ಬರೇ ನೋಡಿಕೊಳ್ಳುವ ಶಿಕ್ಷಕರಿಗೆ ಇದು ಹೊರೆಯಾಗದಂತೆ, ಮುಂದಿನ ತಿಂಗಳ ಪಾಠ ಯಾವುದು ಅಂತ ಕೇಳಿಕೊಂಡರೂ ಸಾಕು. ಪಾಠ ಬರುವ ಮುಂಚಿನ ವಾರವೇ ಮನೆಯಲ್ಲಿ ಕಾಳು ನೆನೆಸಬಹುದು.